ಹಸುವಿನ ಹಿಂಗಾಲು ಮೊದಲು ಏಳಬೇಕು: ಇಂಗ್ಲೆಂಡಿನ ಹಳ್ಳಿಯಲ್ಲಿ ನಾವು ಪ್ಯಾಂಟೊ ಆಡಿದ ಕಥೆ

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ರಾತ್ರಿ. ಹೊರಗೆ ಜಿಟಿಜಿಟಿ ಮಳೆ. ಹಳ್ಳಿಯ ಹಾಲ್‌ನಲ್ಲಿ ಖಾಲಿ ಕುರ್ಚಿಗಳ ಮಧ್ಯೆ ನಾನೊಬ್ಬಳೇ ಕೂತು, ‘ನಿನ್ನ ಹಿಂದೆ ಇದಾನೆ! ಹಿಂದೆ!’ ಅಂತ ಇಂಗ್ಲಿಷಿನಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಸ್ಟೇಜ್ ಮೇಲೆ ಬೆಂಚಿನಲ್ಲಿ ಕೂತಿದ್ದ ಮೂವರು ಕೈ ಕಿವಿಗಿಟ್ಟು ‘ಏನಂದ್ರಿ? ಕೇಳಿಸಲಿಲ್ಲ’ ಅನ್ನುತ್ತಿದ್ದರು. ಮತ್ತೆ ಕೂಗಿದೆ. ಜನವರಿಯಲ್ಲಿ ಆ ಹಾಲ್‌ನಲ್ಲಿ 120 ಜನ ಕೂರುತ್ತಾರೆ. ಅಲ್ಲಿಯವರೆಗೆ ಆ ಅಷ್ಟೂ ಜನರ ಪಾತ್ರ ನನ್ನದು.

ನಾನು ಮದ್ದೂರು ಕಡೆಯ ಹಳ್ಳಿಯವಳು. ಈಗ ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯ ಒಂದು ಸಣ್ಣ ಹಳ್ಳಿಯಲ್ಲಿ ಮನೆ ಮಾಡಿಕೊಂಡು ಹನ್ನೆರಡು ವರ್ಷ ಆಯಿತು. ಇಲ್ಲೊಂದು ಹವ್ಯಾಸಿ ನಾಟಕ ತಂಡ ಇದೆ. ಅಂಚೆಯವರು, ಟೀಚರು, ರಿಟೈರಾದ ನರ್ಸು, ಬಡಗಿ, ಕಾಲೇಜು ಮಕ್ಕಳು, ಎಲ್ಲ ಸೇರಿ ಮೂವತ್ತು ಜನ. ಪ್ರತಿ ವರ್ಷ ಒಂದು ಪ್ಯಾಂಟೊಮೈಮ್, ಇಲ್ಲಿನವರ ಬಾಯಲ್ಲಿ ಪ್ಯಾಂಟೊ, ಆಡುತ್ತಾರೆ. ಅದು ಕ್ರಿಸ್‌ಮಸ್ ಕಾಲದ ಆಟ. ಆದರೆ ಡಿಸೆಂಬರಿನಲ್ಲಿ ಹಾಲ್ ಖಾಲಿ ಇರುವುದಿಲ್ಲ, ಅದಕ್ಕೇ ನಮ್ಮದು ಯಾವಾಗಲೂ ಜನವರಿ ಕೊನೆಗೆ. ಹಬ್ಬ ಮುಗಿದು, ಐದು ಗಂಟೆಗೆಲ್ಲ ಕತ್ತಲಾಗುವ ಆ ದಿನಗಳಲ್ಲಿ ಊರಿನವರಿಗೆ ಮನೆಯಿಂದ ಹೊರಗೆ ಬರೋಕೆ ಒಂದು ಕಾರಣ ಬೇಕು, ಅಲ್ವಾ?

ಪ್ಯಾಂಟೊಮೈಮ್ ಅಂದಾಗ ನಮ್ಮವರು ಮೂಕಾಭಿನಯ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿನ ಪ್ಯಾಂಟೊದಲ್ಲಿ ಮಾತು ನಿಲ್ಲುವುದೇ ಇಲ್ಲ. ಮುನ್ನೂರು ವರ್ಷಗಳ ಹಿಂದೆ ಅದು ಹೆಚ್ಚುಕಡಿಮೆ ಮಾತಿಲ್ಲದ ಆಟವೇ ಆಗಿತ್ತು. ಲಂಡನ್ನಿನಲ್ಲಿ ಮಾತಿನ ನಾಟಕ ಆಡುವ ಹಕ್ಕು ಆಗ ಕೆಲವೇ ಥಿಯೇಟರುಗಳಿಗಿತ್ತು. 1843ರ ಕಾಯ್ದೆ ಆ ಕಟ್ಟು ಸಡಿಲಿಸಿದ ಮೇಲೆ ಮಾತು, ಹಾಡು, ಊರಿನ ಸುದ್ದಿ ಎಲ್ಲ ಒಳಗೆ ನುಗ್ಗಿದವು. ಈಗ ಇರೋದು ಮಕ್ಕಳಿಗೆ ಗೊತ್ತಿರುವ ಕಥೆ: ಸಿಂಡರೆಲಾ, ಅಲ್ಲಾದೀನ್, ಜ್ಯಾಕ್ ಮತ್ತು ಹುರುಳಿ ಬಳ್ಳಿ. ಮುದುಕಿಯ ಪಾತ್ರ ಗಂಡಸಿನದು, ಅವಳಿಗೆ ಡೇಮ್ ಅನ್ನುತ್ತಾರೆ. ನಾಯಕನ ಪಾತ್ರ ಹುಡುಗಿಯದು. ಒಳ್ಳೆಯ ದೇವತೆ ಬರೋದು ಸ್ಟೇಜಿನ ಬಲದಿಂದ, ಕೆಟ್ಟವನು ಎಡದಿಂದ. ಕೆಟ್ಟವನು ಕಾಲಿಟ್ಟ ತಕ್ಷಣ ಇಡೀ ಹಾಲ್ ಛೀ ಅನ್ನಬೇಕು. ಆ ಛೀ ಬರದಿದ್ದರೆ ಆತ ಅಲ್ಲೇ ನಿಂತು ‘ಯಾಕೆ, ಹೆದರಿಕೊಂಡ್ರಾ?’ ಅಂತ ಕೆಣಕುತ್ತಾನೆ.

ಹೀಗೆ ಜನರಿಗೂ ಆಟದಲ್ಲಿ ಪಾಲು ಇರುವುದು ನನಗೆ ಹೊಸದಲ್ಲ. ನಮ್ಮೂರಿನಲ್ಲಿ ಕುರುಕ್ಷೇತ್ರ ನಾಟಕ ನೋಡಿ ಬೆಳೆದವಳು ನಾನು. ಅಪ್ಪ ಶಕುನಿ ಪಾತ್ರ ಮಾಡುತ್ತಿದ್ದರು. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪದ್ಯ ಕಲಿತು, ಕೊನೆಗೊಂದು ರಾತ್ರಿ ಬೆಳಗಿನವರೆಗೆ ಆಡುವ ನಾಟಕ. ಜನ ‘ಒನ್ಸ್ ಮೋರ್’ ಅಂದರೆ ಸಾಯುತ್ತಿರುವ ಕರ್ಣನೂ ಎದ್ದು ಇನ್ನೊಂದು ಸಲ ಹಾಡಬೇಕು. ಹಾಗಾಗಿ ಇಲ್ಲಿ ಮೊದಲ ಸಲ ಪ್ಯಾಂಟೊ ನೋಡಿದಾಗ ನನಗೆ ಪರದೇಶದ ಆಟ ಅನ್ನಿಸಲೇ ಇಲ್ಲ.

ತಂಡಕ್ಕೆ ನಾನು ಸೇರಿದ್ದು ಮಗಳಿಂದ. ಅವಳು ಕೋರಸ್‌ನಲ್ಲಿ ಕುಣಿಯೋಕೆ ಹೋದಳು. ನಾಟಕದ ಮಕ್ಕಳನ್ನು ನೋಡಿಕೊಳ್ಳುವವರಿಗೆ ಇಲ್ಲಿ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಲೈಸೆನ್ಸ್ ಬೇಕು. ಒಬ್ಬರು ಹೆಚ್ಚೆಂದರೆ 12 ಮಕ್ಕಳನ್ನು ನೋಡಿಕೊಳ್ಳಬಹುದು. ಜನ ಸಾಲದೆ ನನ್ನನ್ನು ಕೇಳಿದರು. ಎರಡು ವರ್ಷ ಮಕ್ಕಳ ಹಿಂದೆ ಓಡಾಡಿದೆ, ಮೂರು ವರ್ಷ ಸಾಮಾನು ಸರಂಜಾಮು ನೋಡಿಕೊಂಡೆ. ಕಳೆದ ವರ್ಷ ನಿರ್ದೇಶನ ನೀನೇ ಮಾಡು ಅಂದರು. ಜ್ಯಾಕ್‌ನ ಕಥೆ ಬೇಕು ಅಂತ ನಾನೇ ಕೇಳಿದೆ. ಬಡ ಹುಡುಗ ಜ್ಯಾಕ್ ಮನೆಯ ಹಸು ಕೊಟ್ಟು ಹುರುಳಿ ಬೀಜ ತರುತ್ತಾನೆ, ಅದರಿಂದ ಮುಗಿಲು ಮುಟ್ಟುವ ಬಳ್ಳಿ ಬೆಳೆಯುತ್ತದೆ. ಅದರಲ್ಲಿ ಹಸು ಇದೆ, ಅದಕ್ಕೆ.

ಸ್ಕ್ರಿಪ್ಟಿಗೆ ಪ್ರತಿ ಪ್ರದರ್ಶನಕ್ಕೆ ಇಷ್ಟು ಅಂತ ರಾಯಲ್ಟಿ ಕಟ್ಟಬೇಕು. ಅದು, ಹಾಲ್ ಬಾಡಿಗೆ, ಬಣ್ಣ, ಮರ, ಬಟ್ಟೆ ಎಲ್ಲ ಟಿಕೆಟ್ ದುಡ್ಡಲ್ಲೇ ಆಗಬೇಕು. ಸೆಪ್ಟೆಂಬರಿನಲ್ಲಿ ಪಾತ್ರ ಹಂಚಿದೆವು. ಆಮೇಲೆ ವಾರಕ್ಕೆ ಎರಡು ರಾತ್ರಿ ರಿಹರ್ಸಲ್, ಭಾನುವಾರ ಸೆಟ್ ಕೆಲಸ. ಇದರಲ್ಲೆಲ್ಲ ವಿಶೇಷ ಏನೂ ಇಲ್ಲ, ಎಲ್ಲ ತಂಡದವರೂ ಹೀಗೇ ಮಾಡುತ್ತಾರೆ. ಹಸುವಿನ ವಿಷಯ ಮಾತ್ರ ವಿವರವಾಗಿ ಹೇಳಬೇಕು.

ಹಸು ಅಂದರೆ ಇಬ್ಬರು. ಮುಂದಿನವಳು ತಲೆ ಮತ್ತು ಮುಂಗಾಲು, ಹಿಂದಿನವನು ಬೆನ್ನು ಬಾಗಿಸಿ ಅವಳ ಸೊಂಟದ ಬೆಲ್ಟ್ ಹಿಡಿದುಕೊಂಡು ಹಿಂಗಾಲು. ಮುಂದೆ ಹದಿನಾರು ವರ್ಷದ ಕಾಲೇಜು ಹುಡುಗಿ, ಹಿಂದೆ ಬಡಗಿ ಕೆಲಸದ ಗಟ್ಟಿ ಆಳು. ತಲೆಯನ್ನು ಹಳೆಯ ಸೈಕಲ್ ಹೆಲ್ಮೆಟ್ ಮೇಲೆ ಕಾಗದ ಮತ್ತು ಅಂಟು ಮೆತ್ತಿ ಮಾಡಿದೆವು. ಕಣ್ಣಿನ ರೆಪ್ಪೆಗೆ ಒಂದು ದಾರ. ಎಳೆದರೆ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಹುಡುಗಿಗೆ ಹೊರಗೆ ಕಾಣೋದು ಹಸುವಿನ ಬಾಯಿಯ ಜಾಲರಿಯಿಂದ. ಹಿಂದಿನವನಿಗೆ ಅವಳ ಹಿಮ್ಮಡಿ ಬಿಟ್ಟು ಏನೂ ಕಾಣದು.

ಮೊದಲ ವಾರ ಇಬ್ಬರೂ ಸೈನಿಕರ ಹಾಗೆ ಒಟ್ಟಿಗೆ ಎಡ, ಒಟ್ಟಿಗೆ ಬಲ ಅಂತ ನಡೆದರು. ಚರ್ಮ ಹೊದ್ದ ಇಬ್ಬರು ಮನುಷ್ಯರು ಕಂಡರು, ಹಸು ಕಾಣಲಿಲ್ಲ. ಹಸು ಹಾಗೆ ನಡೆಯುವುದಿಲ್ಲ. ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ಒಂದೊಂದೇ ಕಾಲು, ಮತ್ತು ಹೊರಡೋದು ಹಿಂದಿನಿಂದ. ಹಿಂದಿನವನು ಹೆಜ್ಜೆ ಎತ್ತಿದ ಅರ್ಧ ಕ್ಷಣಕ್ಕೆ ಮುಂದಿನವಳು ಎತ್ತಬೇಕು. ಇದನ್ನು ಕಲಿಸೋಕೆ ನಾನು ಹಾಲ್ ತುಂಬ ಚಪ್ಪಾಳೆ ತಟ್ಟಿಕೊಂಡು ಅವರ ಜೊತೆ ನಡೆದೆ. ಮೂರನೇ ವಾರ ಇದ್ದಕ್ಕಿದ್ದಂತೆ ಅದು ಹಸುವಾಯಿತು. ತಲೆ ತಾನಾಗೇ ಸ್ವಲ್ಪ ತೂಗಾಡೋಕೆ ಶುರುವಾಯಿತು. ಯಾರೂ ಮಾತಾಡಲಿಲ್ಲ, ಸುಮ್ನೆ ನೋಡುತ್ತಾ ನಿಂತೆವು.

ಇನ್ನೊಂದು ಕಷ್ಟ ಇತ್ತು. ಜ್ಯಾಕ್ ಹಸುವನ್ನು ಮಾರೋಕೆ ಹೊರಟಾಗ ಅದು ದಾರಿಯಲ್ಲಿ ಮಲಗಿಬಿಡುತ್ತದೆ, ಹೋಗೋಕೆ ಒಪ್ಪುವುದಿಲ್ಲ. ಆಮೇಲೆ ಅವನ ಮುಖ ನೋಡಿ ತಾನೇ ಏಳುತ್ತದೆ. ಮಕ್ಕಳ ಕಣ್ಣಲ್ಲಿ ನೀರು ಬರಬೇಕಾದ ಜಾಗ ಅದು. ಇವರು ಏಳುವಾಗ ಹುಡುಗಿ ಮೊದಲು ಎದ್ದು ನಿಂತಳು. ಅದು ಕುದುರೆ ಏಳುವ ರೀತಿ. ಹಸು ಮಲಗುವಾಗ ಮೊದಲು ಮುಂದಿನ ಮಂಡಿ ಊರುತ್ತದೆ, ಏಳುವಾಗ ಮೊದಲು ಹಿಂಭಾಗ ಎತ್ತುತ್ತದೆ. ಎಷ್ಟು ಹೇಳಿದರೂ ಅವರ ತಲೆಗೆ ಹತ್ತಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಮರುದಿನ ವಾಟ್ಸಾಪಿನಲ್ಲಿ ವಿಡಿಯೊ ಬಂತು. ನಮ್ಮ ಕೊಟ್ಟಿಗೆ, ನಮ್ಮ ಗೌರಿ ಮಲಗಿದ್ದಾಳೆ, ಅಪ್ಪ ಪಕ್ಕದಲ್ಲಿ ‘ಏಳು, ಏಳವ್ವ’ ಅನ್ನುತ್ತಿದ್ದಾರೆ. ಅವಳು ಬೆನ್ನಿನ ಹಿಂಭಾಗ ಎತ್ತಿದಳು, ಒಂದು ಗಳಿಗೆ ಮುಂದಿನ ಮಂಡಿಯ ಮೇಲೇ ನಿಂತಳು, ಆಮೇಲೆ ಒಂದು ಕಾಲು, ಇನ್ನೊಂದು ಕಾಲು. ಹಾಲ್‌ನಲ್ಲಿ ಹತ್ತು ಜನ ಒಂದು ಫೋನಿನ ಸುತ್ತ ಸೇರಿ ಅದನ್ನು ಐದು ಸಲ ನೋಡಿದರು.

ಆ ಮಂಡಿಯ ಮೇಲೆ ನಿಲ್ಲುವ ಗಳಿಗೆಯೇ ಮುಖ್ಯ ಅಂತ ಬಡಗಿಯೇ ಕಂಡುಹಿಡಿದ. ಅಲ್ಲಿ ನಿಂತು, ರೆಪ್ಪೆ ಒಂದು ಸಲ ಮುಚ್ಚಿ ತೆರೆದು, ಆಮೇಲೆ ಎದ್ದರು. ಮೊದಲ ಪ್ರದರ್ಶನದ ದಿನ ಮುಂದಿನ ಸಾಲಿನಲ್ಲಿ ಕೂತಿದ್ದ ಡೈರಿ ರೈತರೊಬ್ಬರು ಇಂಟರ್‌ವಲ್‌ನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ‘ಐವತ್ತು ವರ್ಷದಿಂದ ಪ್ಯಾಂಟೊ ನೋಡ್ತಿದ್ದೀನಿ, ಸರಿಯಾಗಿ ಎದ್ದ ಹಸು ಇದೇ ಮೊದಲು’ ಅಂದರು. ನನಗೆ ಆ ವರ್ಷ ಸಿಕ್ಕ ದೊಡ್ಡ ಮೆಚ್ಚುಗೆ ಅದು. ಅಂದಹಾಗೆ, ಹಸುವಿನೊಳಗೆ ಒಂದು ಸಲಕ್ಕೆ ಎಂಟು ನಿಮಿಷಕ್ಕಿಂತ ಜಾಸ್ತಿ ಯಾರನ್ನೂ ಇಡಬೇಡಿ. ಅಲ್ಲಿನ ಸೆಕೆಗೆ ತಲೆ ತಿರುಗುತ್ತದೆ. ಸೈಡ್‌ವಿಂಗ್‌ನಲ್ಲಿ ಸ್ಟ್ರಾ ಹಾಕಿದ ನೀರಿನ ಬಾಟಲಿ ಹಿಡಿದು ಒಬ್ಬರು ನಿಂತಿರಲೇಬೇಕು.

ಡೇಮ್, ಅಂದರೆ ಜ್ಯಾಕ್‌ನ ಅಮ್ಮನ ಪಾತ್ರ, ನಮ್ಮ ಅಂಚೆಯವರದು. ಅವರಿಗೆ ಡ್ಯಾನ್ ಲೆನೊ ಅಂದರೆ ಪ್ರಾಣ. 1888ರಿಂದ ಸುಮಾರು ಹದಿನೈದು ವರ್ಷ ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿನ ಪ್ಯಾಂಟೊಗಳಲ್ಲಿ ಮೆರೆದ ನಟ ಅವರು. ಡೇಮ್ ಅನ್ನು ಗಂಡಸು ಸೀರೆ ಉಟ್ಟ ಹಾಗೆ ಆಡಬಾರದು, ಕಷ್ಟಪಟ್ಟ ತಾಯಿಯ ಹಾಗೆ ಆಡಬೇಕು ಅಂತ ಅಂಚೆಯವರ ಹಟ. ಅದು ಸರಿ ಅಂತ ನನಗೂ ಅನ್ನಿಸಿತು. ಮನೆಯಲ್ಲಿ ತಿನ್ನೋಕೆ ಏನೂ ಇಲ್ಲ, ಇರುವ ಒಂದು ಹಸು ಮಾರಬೇಕು. ಆ ಸಂಕಟ ನಿಜವಾದರೆ ನಗುವೂ ತಾನಾಗೇ ಬರುತ್ತದೆ.

ಕೊನೆಯಲ್ಲಿ ಮದುವೆಯ ದೃಶ್ಯ ಬರುತ್ತದೆ. ಎಲ್ಲರೂ ಹೊಸ ಬಟ್ಟೆ ಹಾಕಬೇಕು, ಹಿಂದೆ ಸೆಟ್ ಬದಲಾಗಬೇಕು. ಅದಕ್ಕೆ ಸಮಯ ಕೊಡೋದೇ ಸಾಂಗ್‌ಶೀಟ್. ಪರದೆ ಎಳೆದು, ಅದರ ಮುಂದೆ ಹಾಡಿನ ಸಾಲು ಬರೆದ ದೊಡ್ಡ ಬಟ್ಟೆ ಇಳಿಬಿಟ್ಟು, ಡೇಮ್ ಬಂದು ಎಡಗಡೆಯವರು ಜೋರಾ, ಬಲಗಡೆಯವರು ಜೋರಾ ಅಂತ ಪಂದ್ಯ ಕಟ್ಟುತ್ತಾಳೆ. ಹಾಡಿನ ಸದ್ದಿನಲ್ಲಿ ಹಿಂದೆ ಸುತ್ತಿಗೆ ಬಡಿದರೂ ಯಾರಿಗೂ ಕೇಳಿಸದು. ನಮಗೆ ಏಳು ನಿಮಿಷ ಬೇಕಿತ್ತು, ಅಂಚೆಯವರು ಏಳು ನಿಮಿಷ ಹಾಡಿಸಿದರು. ಆಟ ಮುಗಿಸುವ ಕೊನೆಯ ಎರಡು ಪ್ರಾಸದ ಸಾಲುಗಳನ್ನು ರಿಹರ್ಸಲ್‌ನಲ್ಲಿ ಹೇಳುವಂತಿಲ್ಲ, ಹೇಳಿದರೆ ಅಪಶಕುನ ಅಂತ ಇಲ್ಲಿ ಹಳೆಯ ನಂಬಿಕೆ. ನಾವೂ ಹೇಳಲಿಲ್ಲ. ಸ್ಕ್ರಿಪ್ಟಿನಲ್ಲಿ ಅಷ್ಟು ದಿನ ಬಿದ್ದಿದ್ದ ಸಾಲು ಬಾಯಿಗೆ ಬಂದದ್ದು ಮೊದಲ ರಾತ್ರಿಯೇ.

ಆದರೆ ಅದೇ ಮೊದಲ ರಾತ್ರಿ, ಗುರುವಾರ, ಬಳ್ಳಿ ಸಿಕ್ಕಿಕೊಂಡಿತು. ಹಸಿರು ಬಟ್ಟೆಯ ಉದ್ದ ಕೊಳವೆ, ಅದಕ್ಕೆ ಎಲೆ ಹೊಲಿದಿದ್ದೆವು. ನೆಲದ ಪೆಟ್ಟಿಗೆಯಲ್ಲಿ ಸುರುಳಿ ಮಾಡಿಟ್ಟು, ತೊಲೆಯಲ್ಲಿದ್ದ ರಾಟೆಯಿಂದ ಹಗ್ಗ ಎಳೆದರೆ ಮೇಲೇಳಬೇಕು. ಅರ್ಧಕ್ಕೆ ನಿಂತಿತು. ಹಗ್ಗ ಲೈಟಿನ ಬ್ರ್ಯಾಕೆಟ್‌ಗೆ ತಗಲಿತ್ತು. ನನಗೆ ಜೀವ ಬಾಯಿಗೆ ಬಂತು. ಡೇಮ್ ಮುಂದೆ ಬಂದು, ‘ಪಾಪ, ಬಳ್ಳಿಗೆ ನಾಚಿಕೆ. ನೀವು ಕರೆದರೆ ಬರುತ್ತೆ’ ಅಂದರು. ಮಕ್ಕಳು ಕೂಗಿದರು. ಹಗ್ಗದವನು ಸಡಿಲ ಬಿಟ್ಟು ಎಳೆದ, ಒಂದು ಗೇಣು ಬಂತು. ಮತ್ತೆ ಕೂಗಿದರು. ಮೂರನೇ ಕೂಗಿಗೆ ಬಳ್ಳಿ ಸರಸರ ಅಂತ ತೊಲೆ ಮುಟ್ಟಿತು. ಹಾಲ್ ಕಿತ್ತುಹೋಗುವ ಹಾಗೆ ಚಪ್ಪಾಳೆ. ಶುಕ್ರವಾರ ಬೆಳಿಗ್ಗೆ ಬ್ರ್ಯಾಕೆಟ್ ಸರಿಮಾಡಿದೆವು, ಆದರೆ ಬಳ್ಳಿಯನ್ನು ಅರ್ಧಕ್ಕೆ ನಿಲ್ಲಿಸೋದನ್ನು ಹಾಗೇ ಉಳಿಸಿಕೊಂಡೆವು. ನಾಲ್ಕು ತಿಂಗಳ ರಿಹರ್ಸಲ್‌ನಲ್ಲಿ ನನಗೆ ಹೊಳೆಯದ ಒಳ್ಳೆಯ ದೃಶ್ಯ ಅದು.

ಆ ಚಳಿಗಾಲ ಅಪ್ಪ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಶನಿವಾರ ಮಧ್ಯಾಹ್ನದ ಆಟಕ್ಕೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಮಫ್ಲರ್ ಸುತ್ತಿ ಮೂರನೇ ಸಾಲಿನಲ್ಲಿ ಕೂತರು. ಹಸು ಎದ್ದಾಗ ಪಕ್ಕದವರಿಗೆ ಕನ್ನಡದಲ್ಲೇ ಏನೋ ಹೇಳಿದರು. ಆಟ ಮುಗಿದ ಮೇಲೆ ಹೇಗಿತ್ತು ಅಂತ ಕೇಳಿದೆ.

‘ಎಲ್ಲ ಚೆನ್ನಾಗಿದೆ. ಆ ಬೆಂಚಿನ ಸೀನು ಮಾತ್ರ ಕೈ ತಪ್ಪಿತು’ ಅಂದರು.

ಬೆಂಚಿನ ದೃಶ್ಯ ಅಂದರೆ ಕತ್ತಲೆ ಕಾಡಿನಲ್ಲಿ ಮೂವರು ಹೆದರಿಕೆ ಹೋಗಲಿ ಅಂತ ಹಾಡುತ್ತಾ ಕೂತಿರುತ್ತಾರೆ. ಹಿಂದೆ ದೆವ್ವ ಬಂದು ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋಗುತ್ತದೆ. ಕೊನೆಗೆ ಡೇಮ್ ಒಬ್ಬಳೇ ಉಳಿದು, ಅವಳ ಮುಖ ನೋಡಿ ದೆವ್ವವೇ ಕಿರುಚಿ ಓಡುತ್ತದೆ. ಅದನ್ನೇ ನಾವು ಎಲ್ಲಕ್ಕಿಂತ ಜಾಸ್ತಿ ಅಭ್ಯಾಸ ಮಾಡಿದ್ದು.

‘ಎಲ್ಲಿ ತಪ್ಪಿತು?’ ಅಂದೆ.

‘ಆ ತುದಿ ಹುಡುಗ ಬೇಗ ತಿರುಗಿಬಿಟ್ಟ. ನಾನಿನ್ನೂ ಕೂಗೋಕೆ ಬಾಯಿ ತೆಗೆದಿದ್ದೆ ಅಷ್ಟೆ. ಅಷ್ಟರಲ್ಲಿ ತಿರುಗಿದ. ಇನ್ನು ನಾನು ಯಾಕೆ ಕೂಗಲಿ?’

ನನಗೆ ತಟ್ಟನೆ ಗೊತ್ತಾಯಿತು. ರಿಹರ್ಸಲ್‌ನಲ್ಲಿ ಕೂಗುತ್ತಿದ್ದವಳು ನಾನೊಬ್ಬಳೇ. ಅಷ್ಟೂ ಸಾಲು ನನಗೆ ಬಾಯಿಪಾಠ, ದೆವ್ವದ ಕಾಲು ಕಂಡ ತಕ್ಷಣ ಕೂಗುತ್ತಿದ್ದೆ. ಹುಡುಗ ನನ್ನ ವೇಗಕ್ಕೆ ಕಲಿತಿದ್ದ. ನಿಜವಾದ ಜನಕ್ಕೆ ದೆವ್ವ ಕಾಣಬೇಕು, ಪಕ್ಕದವರ ತೋಳು ತಿವಿಯಬೇಕು, ಉಸಿರು ಎಳೆದುಕೊಳ್ಳಬೇಕು. ಸಂಜೆಯ ಆಟಕ್ಕೆ ಇನ್ನು ಎರಡು ಗಂಟೆ ಇತ್ತು. ಗ್ರೀನ್ ರೂಮಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಹುಡುಗನ ಪಕ್ಕ ಕೂತು, ಎರಡನೇ ಕೂಗು ಬರುವವರೆಗೆ ಕತ್ತು ಅಲುಗಿಸಬೇಡ, ಮನಸ್ಸಿನಲ್ಲಿ ನಾಲ್ಕು ಎಣಿಸು ಅಂದೆ. ನಾಲ್ಕು ತುಂಬಾ ಆಯ್ತಲ್ವಾ ಅಂದ. ತುಂಬಾ ಅನ್ನಿಸುತ್ತೆ, ಆದರೂ ಎಣಿಸು ಅಂದೆ.

ಸಂಜೆಯೂ ಅಪ್ಪ ಬಂದರು, ಅದೇ ಮೂರನೇ ಸಾಲು. ಬೆಂಚು ಬಂತು, ನೀಲಿ ಲೈಟು ಬಂತು, ಹಾಡು ಶುರುವಾಯಿತು. ಹಿಂದೆ ದೆವ್ವ ಎದ್ದಿತು. ಹುಡುಗ ನೇರ ನೋಡುತ್ತಾ ಹಾಡಿದ. ಒಂದು. ಎಲ್ಲೋ ಒಂದು ಮಗು ಕೂಗಿತು. ಎರಡು. ಒಂದು ಸಾಲು ಪೂರ್ತಿ ಕೂಗಿತು. ಮೂರು. ಹಾಲ್ ಎದ್ದು ನಿಂತಿತು, ದೊಡ್ಡವರೂ ಕೈ ತೋರಿಸುತ್ತಿದ್ದರು. ಆ ಗದ್ದಲದ ಮಧ್ಯೆ ಮೂರನೇ ಸಾಲಿನಿಂದ, ಮಂಡ್ಯದ ರಾತ್ರಿಗಳನ್ನೆಲ್ಲ ತುಂಬಿಸಿದ್ದ ಅದೇ ಶಕುನಿಯ ಗಂಟಲು: ‘ಲೋ, ಹಿಂದೆ ತಿರುಗೋ!’

ನಾಲ್ಕು. ಹುಡುಗ ತಿರುಗಿದ.