ಗುಳೆ ಹೊರಡುವ ಮುನ್ನ: ಸಂಕಷ್ಟದಲ್ಲಿರುವ ಕುಟುಂಬಗಳಿಗೆ ಶಾಲೆಯ ಮೂಲಕ ಊರಿನ ನೆರವು

ಯಾದಗಿರಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮಕ್ಕಳ ಹಾಜರಾತಿ ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಕುಸಿಯುತ್ತದೆ. ಶಹಾಪುರ, ಸುರಪುರ ಭಾಗದಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾದಾಗ ಮೊದಲನೆಯದು. ತೊಗರಿ ರಾಶಿ ಮುಗಿದು ಹೊಲದಲ್ಲಿ ಕೂಲಿ ಸಿಗದಂತಾಗಿ, ಹಳ್ಳಿ ಮತ್ತು ತಾಂಡಾಗಳಿಂದ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೊರಟಾಗ ಎರಡನೆಯದು. ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಕಾಣಿಸುವ ಹೊತ್ತಿಗೆ ಆ ಮನೆಯವರು ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದಾಗಿರುತ್ತದೆ. ಮುಂಗಡ ತೆಗೆದುಕೊಂಡವರನ್ನು ತಡೆಯುವ ಶಕ್ತಿ ಯಾವ ಶಾಲೆಗೂ ಇಲ್ಲ. ಆದ್ದರಿಂದ ಶಾಲೆಯ ಮೂಲಕ ನೆರವು ಕೊಡಬೇಕೆನ್ನುವವರು ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲೇ ಕೆಲಸ ಆರಂಭಿಸಬೇಕು.

ಇದಕ್ಕೆ ಹೊಸ ಸಂಘ ಕಟ್ಟುವ ಅಗತ್ಯವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ, ಅಂದರೆ ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ), ಮುಕ್ಕಾಲು ಭಾಗ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ಮುಖ್ಯಗುರುಗಳು, ಇಬ್ಬರು ತಾಯಂದಿರು, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆ, ತಾಂಡಾ ಇದ್ದಲ್ಲಿ ಅಲ್ಲಿನ ಹಿರಿಯರೊಬ್ಬರು, ಹೀಗೆ ಐದಾರು ಜನರ ಸಣ್ಣ ತಂಡವನ್ನು ನೇಮಿಸಿದರೆ ಸಾಕು. ತಂಡ ದೊಡ್ಡದಾದಷ್ಟೂ ಮನೆಯ ಮಾತು ಹೊರಗೆ ಹೋಗುವ ಸಂಭವ ಹೆಚ್ಚು.

ಯಾವ ಮನೆಗೆ ಕಷ್ಟ ಬಂದಿದೆ ಎಂಬುದು ತರಗತಿಯ ಶಿಕ್ಷಕರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಸೋಮವಾರ ಬಿಸಿಯೂಟದ ಹೊತ್ತಿಗೆ ಎರಡು ಸಲ ತಟ್ಟೆ ಹಿಡಿದು ಬರುವ ಮಗು, ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಶಾಲೆಗೆ ಬರುವ ಹುಡುಗಿ, ತಿಂಗಳಿನಿಂದ ನೋಟ್‌ಬುಕ್ ಇಲ್ಲದ ಹುಡುಗ ಇವರ ಹೆಸರುಗಳನ್ನು ತಂಡಕ್ಕೆ ತಿಳಿಸಬೇಕು. ಮನೆ ಭೇಟಿಯನ್ನು ಕೂಲಿಯಿಂದ ಜನ ಮರಳಿದ ಮೇಲೆ, ಸಂಜೆ, ತಂಡದ ಇಬ್ಬರು ಮಾತ್ರ ಮಾಡಬೇಕು; ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಆದಾಯ ಎಷ್ಟು, ಸಾಲ ಎಷ್ಟು ಎಂದು ಮೊದಲೇ ಕೇಳಿದರೆ ಉತ್ತರ ಬರುವುದಿಲ್ಲ. "ಈ ವರ್ಷ ದುಡಿಯಲಿಕ್ಕೆ ಹೊರಗ ಹೋಗ್ತೀರೇನವ್ವಾ, ಹೋದ್ರ ಮಕ್ಕಳು ಯಾರ ಹತ್ರ ಇರ್ತಾವ?" ಎಂದು ಕೇಳಿದರೆ ಉಳಿದದ್ದೆಲ್ಲ ತಾನಾಗಿ ಹೊರಬರುತ್ತದೆ.

ನನ್ನ ಅಭಿಪ್ರಾಯದಲ್ಲಿ ತಂಡದ ಅತ್ಯಂತ ಉಪಯುಕ್ತ ಕೆಲಸ ಹಣ ಹಂಚುವುದಲ್ಲ, ಕುಟುಂಬಕ್ಕೆ ನ್ಯಾಯವಾಗಿ ಬರಬೇಕಾದುದು ಎಲ್ಲಿ ನಿಂತಿದೆ ಎಂದು ಹುಡುಕುವುದು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದರೂ ಹಣ ಬಾರದಿದ್ದರೆ, ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರು ಬೇರೆ ಬೇರೆಯಾಗಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲು ನೋಡಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಹೋಗುವುದೇ ಅನೇಕರಿಗೆ ಭಾರವಾಗುವುದರಿಂದ, ಹತ್ತಾರು ಮನೆಗಳ ಕಾಗದಗಳನ್ನು ಒಟ್ಟುಗೂಡಿಸಿ ಒಂದೇ ದಿನ ಅರ್ಜಿ ಸಲ್ಲಿಸುವ ಏರ್ಪಾಡು ಮಾಡುವುದು ಒಳ್ಳೆಯದು. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿದೆಯೇ, ಗಂಡನನ್ನು ಕಳೆದುಕೊಂಡ ತಾಯಿಗೆ ವಿಧವಾ ವೇತನ ಬರುತ್ತಿದೆಯೇ, ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ನಿಂತುಹೋಗಿದೆಯೇ ಎಂಬುದನ್ನೂ ಆಗಲೇ ವಿಚಾರಿಸಬಹುದು. ಗುಳೆ ಹೋಗುವವರಲ್ಲಿ ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು, ಅವರ ಮಕ್ಕಳ ಓದಿಗೂ ಮಂಡಳಿಯಲ್ಲಿ ಸಹಾಯಧನದ ಯೋಜನೆಯಿದೆ. ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಕೆಲಸದ ಪ್ರಮಾಣಪತ್ರವನ್ನು ಅಲ್ಲಿಂದಲೇ ಬರೆಯಿಸಿಕೊಂಡು ಬರಲು ಹೊರಡುವ ಮುನ್ನ ಹೇಳಿ ಕಳಿಸಬೇಕು.

ಊರಿನಲ್ಲೇ ಉಳಿಯಲು ಒಪ್ಪುವವರಿಗೆ ಗ್ರಾಮ ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಲಿಖಿತ ಅರ್ಜಿ ಕೊಡಿಸಿ, ದಿನಾಂಕವಿರುವ ಸ್ವೀಕೃತಿಯನ್ನು ಪಡೆಯಬೇಕು. ಬಾಯಿಮಾತಿನ ಬೇಡಿಕೆಗೆ ದಾಖಲೆಯಿರುವುದಿಲ್ಲ. ಸಾಲ ವಸೂಲಿಗೆ ಬರುವವರ ಕಾಟಕ್ಕೆ ಹೆದರಿ ಊರು ಬಿಡುವ ಮನೆಗಳಿದ್ದರೆ, ಬಲವಂತದ ವಸೂಲಿಯನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆಯೆಂದೂ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದೆಂದೂ ತಿಳಿಸಬೇಕು.

ತಂದೆ ತಾಯಿ ಹೋಗಲೇಬೇಕಾದರೆ ಮಗು ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆ ಬರುತ್ತದೆ. ಅಜ್ಜಿಯ ಮನೆಯೇ ಮೊದಲ ಆಯ್ಕೆಯಾಗಬೇಕೆಂದು ನಾನು ಬಲವಾಗಿ ನಂಬುತ್ತೇನೆ; ಅಲ್ಲಿ ಸಾಧಾರಣವಾಗಿ ಕೊರತೆಯಾಗುವುದು ರಾತ್ರಿಯ ಊಟ ಮತ್ತು ಕಾಯಿಲೆಯ ಖರ್ಚು. ಮಧ್ಯಾಹ್ನದ ಊಟಕ್ಕೆ ಅಕ್ಷರ ದಾಸೋಹವಿದೆ. ಅದು 2002ರಲ್ಲಿ ಮೊದಲು ಆರಂಭವಾದದ್ದೇ ನಮ್ಮ ಈ ಭಾಗದ ಜಿಲ್ಲೆಗಳಲ್ಲಿ. ಪಡಿತರದ ಅಕ್ಕಿಯನ್ನು ಮನೆಯಲ್ಲಿ ಉಳಿದವರು ಇಲ್ಲಿ, ಗುಳೆ ಹೋದವರು ತಮ್ಮ ಪಾಲನ್ನು ಅಲ್ಲಿ ಪಡೆಯಲು ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಅವಕಾಶವಿದೆ. ಅಜ್ಜಿಯೂ ಇಲ್ಲದ ಮಕ್ಕಳಿಗೆ ಸಮಗ್ರ ಶಿಕ್ಷಣದ ಅಡಿಯ ಋತುಮಾನದ ವಸತಿ ವ್ಯವಸ್ಥೆ, ಹೆಣ್ಣುಮಕ್ಕಳಿಗೆ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯ, ಸಮಾಜ ಕಲ್ಯಾಣ ಇಲಾಖೆಯ ವಸತಿ ನಿಲಯ ಇವುಗಳಿಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮಕ್ಕಳ ಹೆಸರುಗಳ ಪಟ್ಟಿಯೊಂದಿಗೆ ಮೊದಲೇ ಪತ್ರ ಬರೆಯಬೇಕು.

ಊರಿನವರಿಂದ ಕೂಡಿಸುವ ನಿಧಿ ಚಿಕ್ಕದಾಗಿರಲಿ, ಲೆಕ್ಕ ಸ್ವಚ್ಛವಾಗಿರಲಿ. ಯಾವ ಶಿಕ್ಷಕರ ಸ್ವಂತ ಫೋನಿಗೂ ಹಣ ಹಾಕಿಸಿಕೊಳ್ಳಬಾರದು. ಸಮಿತಿಯ ಖಾತೆಯಲ್ಲಿಟ್ಟು, ಠರಾವಿನ ನಂತರವೇ ಖರ್ಚು ಮಾಡಬೇಕು. ಮೇಲೆ ಹೇಳಿದ ಯಾವುದರಿಂದಲೂ ತುಂಬದ ಕೊರತೆಗೆ ಮಾತ್ರ ಈ ಹಣ ಬಳಕೆಯಾಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ, ಆದರೆ ಪಕ್ಕದ ಊರಿನ ಪ್ರೌಢಶಾಲೆಗೆ ಹೋಗುವ ಹುಡುಗನಿಗೆ ಪಾಸಿನ ದುಡ್ಡು ಬೇಕು. ಕನ್ನಡಕ, ಪರೀಕ್ಷಾ ಶುಲ್ಕ, ದಾಖಲೆ ಸರಿಪಡಿಸುವ ಖರ್ಚು ಇಂಥವೂ ಸೇರುತ್ತವೆ. ನಗದಿಗಿಂತ ಧಾನ್ಯ ಕೂಡಿಸುವುದು ನಮ್ಮ ಭಾಗದಲ್ಲಿ ಸುಲಭ. ಕಣದಲ್ಲಿ ರಾಶಿ ಬಿದ್ದ ದಿನ ಕೇಳಿದವರಿಗೆ ರೈತರು ಇಲ್ಲವೆನ್ನುವುದಿಲ್ಲ. ಆಗ ಮನೆಗೊಂದಿಷ್ಟು ತೊಗರಿ, ಜೋಳ ಕೂಡಿಸಿಟ್ಟರೆ ಅಜ್ಜಿಯರ ಮನೆಯ ರಾತ್ರಿ ರೊಟ್ಟಿಗೆ ಆಧಾರವಾಗುತ್ತದೆ.

ಕೊಡುವಾಗ ಫೋಟೊ ತೆಗೆಯಬಾರದು. ದಾನಿಗಳು ಕೇಳಿದರೂ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಲು ಊರಿನ ಮುಖಂಡರೇ ಕೇಳಿದರೂ ಸಮಿತಿ ಗಟ್ಟಿಯಾಗಿ ಬೇಡವೆನ್ನಬೇಕು. ಪ್ರಾರ್ಥನೆಯ ಸಾಲಿನಿಂದ ಹೆಸರು ಕೂಗಿ ಕರೆದು ಬ್ಯಾಗು ಕೊಟ್ಟರೆ ಆ ಮಗುವಿಗೆ ಇಡೀ ಶಾಲೆಯ ಮುಂದೆ ಬಡವನೆಂಬ ಮುದ್ರೆ ಬೀಳುತ್ತದೆ. ಅದಕ್ಕಿಂತ ಮಗು ಬರಿಗೈಯಲ್ಲಿ ಮನೆಗೆ ಹೋಗುವುದೇ ವಾಸಿ.

ಕುಟುಂಬದೊಂದಿಗೆ ಮಗುವೂ ಹೊರಟರೆ ಸಿಟ್ಟಾಗದೆ, ವರ್ಗಾವಣೆ ಪ್ರಮಾಣಪತ್ರ ಕೇಳಿದವರಿಗೆ ಕೂಡಲೇ ಕೊಟ್ಟು, ಎಸ್‌ಎಟಿಎಸ್ ಸಂಖ್ಯೆಯನ್ನು (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಸಂಖ್ಯೆ) ಕಾಗದದಲ್ಲಿ ಬರೆದುಕೊಡಬೇಕು. ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಪಾಲಕರಿಗೆ ಬಿಡಿಸಿ ಹೇಳಬೇಕು. ಮದುವೆ, ಜಾತ್ರೆಗಳಿಗೆಂದು ಬೇಸಿಗೆಯಲ್ಲಿ ಜನ ಊರಿಗೆ ಮರಳಿದಾಗ ತಂಡ ಮತ್ತೊಮ್ಮೆ ಆ ಮನೆಗಳಿಗೆ ಹೋಗಬೇಕು. ನಡುವೆ ಓದು ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡುವುದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇರುವ ಹಕ್ಕು. ಈ ಭೇಟಿಯಲ್ಲಿ ಹುಡುಗಿಯ ಮದುವೆಯ ಮಾತು ಅಥವಾ 14 ವರ್ಷದೊಳಗಿನ ಮಗುವನ್ನು ದುಡಿಮೆಗೆ ಬಿಟ್ಟು ಬಂದ ಸುಳಿವು ಸಿಕ್ಕರೆ, ಅದು ಸಮಿತಿಯಲ್ಲೇ ಬಗೆಹರಿಸುವ ವಿಷಯವಲ್ಲ. 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು.

ಮನೆಗಳ ವಿವರ ಬರೆದ ಪುಸ್ತಕವನ್ನು ಮುಖ್ಯಗುರುಗಳ ಕಪಾಟಿನಲ್ಲಿ ಬೀಗ ಹಾಕಿಡಬೇಕು. ಮುಖ್ಯಗುರುಗಳಿಗೆ ವರ್ಗವಾದಾಗ ಇಂಥ ಕೆಲಸ ನಿಂತುಹೋಗುವ ಭಯವಿರುವುದರಿಂದ, ಪ್ರಭಾರ ವಹಿಸಿಕೊಡುವ ದಿನ ಎಸ್‌ಡಿಎಂಸಿ ಅಧ್ಯಕ್ಷರ ಎದುರಿನಲ್ಲೇ ಪುಸ್ತಕವನ್ನು ಹೊಸಬರ ಕೈಗೊಪ್ಪಿಸಿ, ಯಾವ ಮನೆಯ ಯಾವ ಅರ್ಜಿ ಯಾವ ಕಚೇರಿಯಲ್ಲಿ ಬಾಕಿಯಿದೆ ಎಂಬುದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು.