ಮನೆಯ ಸಿಡಿಗಳನ್ನು ಒಂದು ಬಿಟ್ಟೂ ಬಿಡದೆ ಇಳಿಸಿಕೊಂಡ ಬಗೆ

ನಾನೂರು ಚಿಲ್ಲರೆ ಸಿಡಿಗಳು. ದಾಸರ ಪದ, ಭಾವಗೀತೆ, ಕಛೇರಿ, ಸಿನಿಮಾ ಹಾಡು, ಜೊತೆಗೆ 2005ರ ಆಸುಪಾಸಿನಲ್ಲಿ ಹೊರದೇಶದಲ್ಲಿ ಕೊಂಡ ಒಂದಷ್ಟು ಇಂಗ್ಲಿಷ್ ಆಲ್ಬಮ್. ಇವನ್ನೆಲ್ಲ ಹಾರ್ಡ್‌ಡಿಸ್ಕಿಗೆ ಇಳಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಈ ಕೆಲಸದ ಮಾತೆತ್ತಿದರೆ ಸಾಕು, ಮೂರು ಜಗಳ ಒಟ್ಟಿಗೇ ಹುಟ್ಟುತ್ತವೆ: ‘ಇದು ಪೈರಸಿ ಅಲ್ಲವೇನ್ರೀ?’, ‘ಕಂಪ್ಯೂಟರಿಗೆ ವೈರಸ್ ಬಂದರೆ?’, ‘ಫ್ಲ್ಯಾಕ್‌ನಲ್ಲಿ ಸಿಡಿಯ ಸೊಗಸು ಎಲ್ಲಿಂದ ಬರಬೇಕು?’ (ಫ್ಲ್ಯಾಕ್ ಎಂದರೆ ಹಾಡಿನ ಒಂದು ಬಿಟ್ಟೂ ಕಳೆಯದೆ ಗಾತ್ರ ಕುಗ್ಗಿಸುವ ಫೈಲಿನ ಬಗೆ.) ಮೂರರ ಬಗ್ಗೆಯೂ ನನಗೆ ಗಟ್ಟಿ ಅಭಿಪ್ರಾಯವಿದೆ, ಕೆಲಸದ ನಡುವೆಯೇ ಹೇಳುತ್ತೇನೆ.

ಸಿಡಿಯಲ್ಲಿ ಹಾಡು ಫೈಲಿನ ರೂಪದಲ್ಲಿ ಇರುವುದಿಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್ (ಆ ಕ್ಷಣದ ಧ್ವನಿಯ ಅಳತೆ), ಒಂದೊಂದಕ್ಕೂ 16 ಬಿಟ್, ಎಡ ಬಲ ಎರಡು ಚಾನೆಲ್. ಇದನ್ನು ಸೆಕೆಂಡಿಗೆ 75 ಸೆಕ್ಟರಿನಂತೆ ತುಂಡು ಮಾಡಿ ಸುರುಳಿಯಾಗಿ ಬರೆದಿರುತ್ತಾರೆ, ಒಂದು ಸೆಕ್ಟರಿಗೆ 2352 ಬೈಟ್. ಡೇಟಾ ಸಿಡಿಯಲ್ಲಿ ಆ 2352ರಲ್ಲಿ 2048 ಬೈಟ್ ಮಾತ್ರ ಸರಕು. ಉಳಿದ ಜಾಗದಲ್ಲಿ ವಿಳಾಸವೂ ದೋಷ ತಿದ್ದುವ ಹೆಚ್ಚುವರಿ ಲೆಕ್ಕವೂ ಕೂತಿರುತ್ತವೆ. ಆಡಿಯೊ ಸಿಡಿಯಲ್ಲಿ ಅಷ್ಟೂ ಹಾಡೇ. ಕೆಳಹಂತದಲ್ಲಿ ಒಂದು ತಿದ್ದುಪಡಿ ಇದೆ, ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಗೀರನ್ನು ಅದು ಪೂರ್ತಿ ಸರಿಪಡಿಸಬಲ್ಲದು. ಗೀರು ಅದಕ್ಕೂ ದೊಡ್ಡದಾದರೆ ಡ್ರೈವ್ ಅಕ್ಕಪಕ್ಕದ ಸ್ಯಾಂಪಲ್ ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ, ತುಂಬಿದೆನೆಂದು ಹೇಳುವುದೂ ಇಲ್ಲ. ಡೇಟಾ ಸಿಡಿ ಕೆಟ್ಟರೆ ‘ಓದಲಾಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಆಡಿಯೊ ಸಿಡಿ ಕೆಟ್ಟರೆ ಸುಳ್ಳು ಹಾಡು ಬರುತ್ತದೆ, ಅದೂ ಕಿವಿಗೆ ಸಿಗದಷ್ಟು ನಯವಾಗಿ. ಹಾಗಾಗಿ ಇಳಿಸುವುದಕ್ಕಿಂತ ತಾಳೆ ನೋಡುವುದೇ ದೊಡ್ಡ ಕೆಲಸ.

ನಾನು ಬಳಸಿದ್ದು ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಪ್ರೋಗ್ರಾಮ್, ಅಂದರೆ ಇಎಸಿ. ಲಿನಕ್ಸ್‌ನವರಿಗೆ ವಿಪ್ಪರ್, ಮ್ಯಾಕ್‌ನವರಿಗೆ ಎಕ್ಸ್‌ಎಲ್‌ಡಿ ಇದೆ. ಎಲ್ಲವೂ ಉಚಿತ. ಆದರೆ ಬರೆದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ‘ಫ್ರೀ ಡೌನ್‌ಲೋಡ್’ ಎಂದು ಹುಡುಕಿದಾಗ ಮೇಲೆ ಬರುವ ಪುಟಗಳಲ್ಲಿ ಬೇಡದ ಸರಕು ಜೊತೆಗೆ ಕಟ್ಟಿಕೊಂಡು ಬರುವುದೇ ಹೆಚ್ಚು. ಬೇರೆ ಬೇರೆ ಕಂಪನಿಯ ಎರಡು ಡ್ರೈವ್ ಇದ್ದರೆ ಒಳ್ಳೆಯದು. ಯಾಕೆಂಬುದು ಮುಂದೆ ಬರುತ್ತದೆ.

ಇಎಸಿಯ ಡ್ರೈವ್ ಆಯ್ಕೆಗಳಲ್ಲಿ ‘ಸೆಕ್ಯೂರ್ ಮೋಡ್’ ಇರಲಿ. ಅದರ ಕೆಳಗೆ ‘ಡ್ರೈವ್ ಕ್ಯಾಷ್ ಮಾಡುತ್ತದೆ’ ಎಂಬುದಕ್ಕೆ ಟಿಕ್ ಹಾಕಿ. ಸೆಕ್ಯೂರ್ ಮೋಡ್ ಒಂದೇ ಜಾಗವನ್ನು ಎರಡೆರಡು ಸಲ ಓದಿ ಹೋಲಿಸುತ್ತದೆ. ಡ್ರೈವ್ ಎರಡನೇ ಸಲ ಡಿಸ್ಕನ್ನು ಮುಟ್ಟದೆ ತನ್ನ ನೆನಪಿನಿಂದಲೇ ಹಳೆಯ ಉತ್ತರ ಕೊಟ್ಟುಬಿಟ್ಟರೆ ಎರಡೂ ಸರಿಯಾಗಿಯೇ ಹೊಂದುತ್ತವೆ, ಪರೀಕ್ಷೆ ನಾಟಕವಾಗುತ್ತದೆ. ಓದುವಾಗ ತಪ್ಪಾಯಿತೆಂದು ಡ್ರೈವೇ ಕೊಡುವ ‘ಸಿ2’ ದೋಷ ಸೂಚನೆಯನ್ನು ನಾನು ಬಳಸುವುದಿಲ್ಲ. ಇದನ್ನು ಪ್ರಾಮಾಣಿಕವಾಗಿ ಹೇಳದ ಡ್ರೈವ್‌ಗಳು ಬೇಕಾದಷ್ಟಿವೆ. ‘ನಾರ್ಮಲೈಸ್’ ಎಂಬುದು ಎಲ್ಲೇ ಕಂಡರೂ ಆಫ್ ಮಾಡಿ. ಅದು ಧ್ವನಿಯ ಮಟ್ಟವನ್ನೇ ಬದಲಿಸುತ್ತದೆ, ಆಮೇಲೆ ಯಾವ ತಾಳೆಯೂ ಕೂಡುವುದಿಲ್ಲ.

ಇನ್ನು ಆಫ್‌ಸೆಟ್. ಪ್ರತಿ ಮಾದರಿಯ ಡ್ರೈವೂ ಹಾಡಿನ ಆರಂಭವನ್ನು ಕೆಲವು ಸ್ಯಾಂಪಲ್ ಹಿಂದೆಯೋ ಮುಂದೆಯೋ ಗುರುತಿಸುತ್ತದೆ. ಪ್ಲೆಕ್ಸ್‌ಟರ್‌ನ ಹಲವು ಡ್ರೈವ್‌ಗಳಿಗೆ ಈ ತಿದ್ದುಪಡಿ +30, ಅಂದರೆ ಮುಕ್ಕಾಲು ಮಿಲಿಸೆಕೆಂಡೂ ಇಲ್ಲ. ಕಿವಿಗೆ ಏನೂ ಅಲ್ಲ, ಆದರೆ ಒಂದು ಸ್ಯಾಂಪಲ್ ಸರಿದರೂ ಚೆಕ್‌ಸಮ್, ಅಂದರೆ ಇಡೀ ಹಾಡಿನಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ, ಬೇರೆಯಾಗುತ್ತದೆ. ಅಕ್ಯುರೇಟ್‌ರಿಪ್ ಸಂಗ್ರಹದಲ್ಲಿರುವ ಯಾವುದಾದರೂ ಜನಪ್ರಿಯ ಸಿಡಿ ಹಾಕಿದರೆ ಇಎಸಿ ತಾನೇ ಈ ಅಂಕಿಯನ್ನು ಕಂಡುಕೊಳ್ಳುತ್ತದೆ.

ಅಕ್ಯುರೇಟ್‌ರಿಪ್ ಎಂದರೆ ಲೋಕದ ಬೇರೆಯವರು ಅದೇ ಸಿಡಿ ಇಳಿಸಿದಾಗ ಬಂದ ಚೆಕ್‌ಸಮ್‌ಗಳ ಪಟ್ಟಿ. ನಿಮ್ಮದು ಅದಕ್ಕೆ ಹೊಂದಿದರೆ ಮುಗಿಯಿತು. ಎಲ್ಲೋ ಇರುವ ಇಬ್ಬರ ಡ್ರೈವ್‌ಗಳು ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡುವುದಿಲ್ಲ. ಇಂಗ್ಲಿಷ್ ಆಲ್ಬಮ್‌ಗಳು ಹೀಗೆ ಸಲೀಸಾಗಿ ಪಾಸಾದವು. ಕನ್ನಡ ಸಿಡಿಗಳಿಗೆ, ಅದರಲ್ಲೂ ಸಣ್ಣ ಕಂಪನಿಗಳ ದಾಸರ ಪದದಂಥವಕ್ಕೆ, ಬಹುಪಾಲು ಬಂದ ಉತ್ತರ ‘ಸಂಗ್ರಹದಲ್ಲಿ ಇಲ್ಲ’. ಅಲ್ಲಿ ಎರಡನೇ ಡ್ರೈವ್ ಬೇಕಾಗುತ್ತದೆ. ಒಂದರಲ್ಲಿ ‘ಟೆಸ್ಟ್ ಅಂಡ್ ಕಾಪಿ’, ಇನ್ನೊಂದರಲ್ಲಿ ಟೆಸ್ಟ್ ಮಾತ್ರ. ಎರಡರಲ್ಲೂ ಆಫ್‌ಸೆಟ್ ಸರಿಯಿದ್ದು ಟ್ರ್ಯಾಕಿನ ಸಿಆರ್‌ಸಿ (ಇದೂ ಒಂದು ಬಗೆಯ ಚೆಕ್‌ಸಮ್) ಒಂದೇ ಬಂದರೆ ಒಪ್ಪಿಕೊಂಡೆ. ಮೊದಲ ಮತ್ತು ಕೊನೆಯ ಟ್ರ್ಯಾಕ್ ಮಾತ್ರ ಬೇರೆ ಬಂದರೆ ಹೆದರಬೇಡಿ, ಡಿಸ್ಕಿನ ಅಂಚಿನಾಚೆ ಓದಲಾಗದ ಡ್ರೈವ್ ಅಲ್ಲಿ ಒಂದಿಷ್ಟು ಮೌನ ಸೇರಿಸಿರುತ್ತದೆ. ಒಂದು ಸಿಡಿಗೆ ಹದಿನೈದರಿಂದ ಇಪ್ಪತ್ತು ನಿಮಿಷ. ಗಂಟೆಗಟ್ಟಲೆ ಒಂದೇ ಸೆಕ್ಟರಿನಲ್ಲಿ ಹೆಣಗುತ್ತಿದ್ದರೆ ನಿಲ್ಲಿಸಿ ಡಿಸ್ಕನ್ನು ಹೊರತೆಗೆಯಿರಿ.

ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿಕ್ಕಬೇಡಿ. ಸುರುಳಿಗೆ ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರು ಚೂರು ತಿನ್ನುತ್ತದೆ, ತಿದ್ದುಪಡಿ ಅದನ್ನು ನುಂಗಿಕೊಳ್ಳುತ್ತದೆ. ಸುರುಳಿಯ ಗುಂಟ ಬಿದ್ದದ್ದು ಒಂದೇ ಕಡೆ ಉದ್ದಕ್ಕೆ ತಿಂದುಹಾಕುತ್ತದೆ. ಮಲೆನಾಡು, ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದ ಡಿಸ್ಕುಗಳನ್ನು ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿದೆ. ಹೆಚ್ಚಿನವು ಓದಿಸಿಕೊಂಡವು. ಜನ ಹೊಳೆಯುವ ಬದಿಯನ್ನು ಕಾಪಾಡುತ್ತಾರೆ, ಹೆಸರು ಅಚ್ಚಾದ ಬದಿಯನ್ನು ಮೇಜಿಗೆ ಕವುಚಿ ಇಡುತ್ತಾರೆ. ಹಾಡಿರುವ ಲೋಹದ ಪದರ ಆ ಅಚ್ಚಿನ ಅಡಿಯಲ್ಲೇ ಇದೆ; ಹೊಳೆಯುವ ಬದಿಗಾದರೋ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ರಕ್ಷಣೆ ಇದೆ. ಹೆಸರಿನ ಬದಿ ಕಿತ್ತು ಬಂದರೆ ಯಾವ ಪಾಲಿಶೂ ಉಳಿಸದು.

ಈಗ ಆ 2005ರ ಡಿಸ್ಕುಗಳ ವಿಷಯ. ಸೋನಿ ಬಿಎಂಜಿ ಎಂಬ ಸಂಗೀತ ಕಂಪನಿ ಆಗ 52 ಆಲ್ಬಮ್‌ಗಳಲ್ಲಿ ಎಕ್ಸ್‌ಸಿಪಿ ಎಂಬ ನಕಲು ತಡೆಯನ್ನು ಸೇರಿಸಿ ಮಾರಿತು. ಡಿಸ್ಕಿನಲ್ಲಿ ಹಾಡುಗಳಾದ ಮೇಲೆ ಒಂದು ಡೇಟಾ ಭಾಗ. ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್‌ನ ಆಟೊರನ್ ಅದನ್ನು ಓಡಿಸುತ್ತಿತ್ತು. ಅದು ಒಳಸೇರಿ ಡಾಲರ್ ಚಿಹ್ನೆ, ‘ಸಿಸ್’, ಮತ್ತೆ ಡಾಲರ್ ಚಿಹ್ನೆಯಿಂದ ಶುರುವಾಗುವ ಹೆಸರಿನ ಯಾವುದೇ ಫೈಲನ್ನು ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಿತ್ತು. ಗಮನಿಸಿ, ತನ್ನದನ್ನು ಮಾತ್ರ ಅಲ್ಲ, ಆ ಹೆಸರಿನ ಯಾರದ್ದನ್ನಾದರೂ. ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಅಕ್ಟೋಬರ್ 31ರಂದು ಇದನ್ನು ಬಯಲಿಗೆಳೆದರು, ಮುಂದಿನ ತಿಂಗಳೇ ಆ ಮರೆಯಲ್ಲಿ ಅಡಗುವ ಟ್ರೋಜನ್ ಎಂಬ ದುಷ್ಟ ಪ್ರೋಗ್ರಾಮ್‌ಗಳು ಬಂದವು. ತೆಗೆದುಹಾಕಲೆಂದು ಕಂಪನಿ ಕೊಟ್ಟ ಸಾಧನ ಇನ್ನೊಂದು ಬಾಗಿಲನ್ನು ತೆರೆದಿಟ್ಟು ಹೋಗುತ್ತಿತ್ತು. ಕೊನೆಗೆ ಡಿಸ್ಕುಗಳನ್ನು ವಾಪಸು ಪಡೆದರು.

‘ನಕಲು ತಡೆಯೂ ಒಂದು ಭದ್ರತೆಯೇ’ ಎಂದು ವಾದಿಸುವವರಿಗೆ ನಾನು ಕೊಡುವ ಉದಾಹರಣೆ ಇದೇ. ದುಡ್ಡು ಕೊಟ್ಟು ಕೊಂಡವನ ಕಂಪ್ಯೂಟರ್ ಹಾಳಾಯಿತು. ಕದ್ದು ಇಳಿಸಿಕೊಂಡವನಿಗೆ ಏನೂ ಆಗಲಿಲ್ಲ. ಆ ಬೀಗವಾದರೂ ಗಟ್ಟಿಯೇ? 2003ರಲ್ಲೇ ಪ್ರಿನ್ಸ್‌ಟನ್‌ನ ಅಲೆಕ್ಸ್ ಹಾಲ್ಡರ್‌ಮನ್ ಅಂಥದ್ದೇ ಇನ್ನೊಂದು ತಡೆ, ಮೀಡಿಯಾಮ್ಯಾಕ್ಸ್, ಡಿಸ್ಕ್ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಸಾಕು ಕೆಲಸ ಮಾಡುವುದಿಲ್ಲ ಎಂದು ತೋರಿಸಿದ್ದರು. ಶಿಫ್ಟ್ ಕೀ ತೋರಿಸಿದ್ದಕ್ಕೆ ಕೋರ್ಟಿಗೆ ಎಳೆಯುತ್ತೇವೆಂದು ಆ ತಡೆ ತಯಾರಿಸಿದ ಕಂಪನಿ ಗುಡುಗಿತು, ಮರುದಿನ ಸುಮ್ಮನಾಯಿತು.

ಇಂಥ ಡಿಸ್ಕ್ ನಿಮ್ಮಲ್ಲೂ ಇರಬಹುದು. ಕವರಿನ ಮುಂಬದಿಯ ಎಡ ಅಂಚಿನಲ್ಲಿ ‘ಕಂಟೆಂಟ್ ಪ್ರೊಟೆಕ್ಟೆಡ್’ ಎಂದಿದ್ದರೆ ಬೇರೆ ಎತ್ತಿಡಿ. ನಾನು ಅವನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿದ ಲಿನಕ್ಸ್‌ನಲ್ಲಿ ಇಳಿಸಿದೆ. ಅಲ್ಲಿ ವಿಂಡೋಸ್ ಪ್ರೋಗ್ರಾಮ್ ಓಡುವ ಮಾತೇ ಇಲ್ಲ, ಮೊದಲ ಭಾಗದ ಹಾಡುಗಳು ಮಾಮೂಲಿಯಂತೆ ಕಾಣುತ್ತವೆ. ವಿಂಡೋಸ್‌ನಲ್ಲೇ ಮಾಡುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಆಟೊಪ್ಲೇಯನ್ನು ಪೂರ್ತಿ ಆಫ್ ಮಾಡಿ, ಅಡ್ಮಿನಿಸ್ಟ್ರೇಟರ್ ಅಲ್ಲದ ಖಾತೆಯಲ್ಲಿ ಕೆಲಸ ಮಾಡಿ. ಎಕ್ಸ್‌ಪಿ ಕಾಲದಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೂರುತ್ತಿದ್ದರು, ಅನಾಹುತ ಅಷ್ಟು ಹಬ್ಬಿದ್ದು ಅದಕ್ಕೇ.

ಕಾನೂನು. ನಾನು ವಕೀಲನಲ್ಲ, ಆದರೆ ಕಲಮುಗಳನ್ನು ಓದಿಯೇ ಕೈಹಾಕಿದ್ದೇನೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ, ವೈಯಕ್ತಿಕ ಬಳಕೆಗಾಗಿ ನ್ಯಾಯವಾದ ಬಳಕೆಯನ್ನು ಉಲ್ಲಂಘನೆ ಎನ್ನುವುದಿಲ್ಲ. 2012ರ ತಿದ್ದುಪಡಿಗೆ ಮುಂಚೆ ಆ ಮಾತು ಸಾಹಿತ್ಯ, ಸಂಗೀತದಂಥ ಕೃತಿಗಳಿಗೆ ಮಾತ್ರ ಇತ್ತು, ಧ್ವನಿಮುದ್ರಣಕ್ಕೆ ಇರಲಿಲ್ಲ. ಈಗ ಕಂಪ್ಯೂಟರ್ ಪ್ರೋಗ್ರಾಮ್ ಬಿಟ್ಟು ಯಾವುದೇ ಕೃತಿಗೂ ಅನ್ವಯಿಸುತ್ತದೆ. ಅದೇ ತಿದ್ದುಪಡಿ 65ಎ ಕಲಮನ್ನೂ ತಂದಿತು: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಒಡೆದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ‘ಉದ್ದೇಶದಿಂದ’ ಎಂಬ ಪದವೇ ಇಲ್ಲಿ ಮುಖ್ಯ. 1998ರ ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆ ಡಿಎಂಸಿಎ ಓದಿಕೊಂಡು ಬಂದು ‘ಬೀಗ ಮುಟ್ಟಿದರೇ ಅಪರಾಧ’ ಎಂದು ಇಲ್ಲಿ ಹೆದರಿಸುವವರು ಈ ಪದವನ್ನು ಹಾರಿಸಿಬಿಡುತ್ತಾರೆ. ಆದರೆ ಇನ್ನೊಬ್ಬರಿಗಾಗಿ ಬೀಗ ಬಿಡಿಸಿಕೊಡುವವನು ಅವರ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ದಾಖಲೆಯಾಗಿ ಇಟ್ಟಿರಬೇಕೆಂದು ಅದೇ ಕಲಮು ಹೇಳುತ್ತದೆ. ಸಿಡಿ ಇಳಿಸಿಕೊಡುವ ಅಂಗಡಿಯವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಮಾಮೂಲಿ ಆಡಿಯೊ ಸಿಡಿಗೆ ಬೀಗವೇ ಇಲ್ಲ, ಅಲ್ಲಿ 65ಎ ಪ್ರಶ್ನೆಯೇ ಏಳದು. ಲಂಡನ್ನಿನ ಕನ್ನಡಿಗರಿಗೊಂದು ಮಾತು: ಬ್ರಿಟನ್ 2014ರ ಅಕ್ಟೋಬರ್‌ನಲ್ಲಿ ಸ್ವಂತ ಬಳಕೆಯ ನಕಲಿಗೆ ಒಪ್ಪಿಗೆ ಕೊಟ್ಟಿತ್ತು, 2015ರ ಜುಲೈನಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು.

ಇಳಿಸಿದ್ದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಕ್ಷಣ ‘ವೈಯಕ್ತಿಕ’ ಮುಗಿಯಿತು. ‘ಹಳೇ ಹಾಡು, ಯಾರದೂ ಅಲ್ಲ ಬಿಡಿ’ ಎನ್ನುವುದೂ ಅರ್ಧ ಸತ್ಯ. ಧ್ವನಿಮುದ್ರಣದ ಹಕ್ಕು ಹೊರಬಂದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. 1964ರ ರೆಕಾರ್ಡಿನದು 2024ರ ಕೊನೆಗೆ ಮುಗಿದಿದೆ. ಆದರೆ ಆ ರೆಕಾರ್ಡಿನಲ್ಲಿರುವುದು ಬೇಂದ್ರೆಯವರ ಪದ್ಯವಾದರೆ, ಅವರು ತೀರಿಕೊಂಡದ್ದು 1981ರಲ್ಲಿ, ಸಾಹಿತ್ಯದ ಹಕ್ಕು 2041ರವರೆಗೆ ಜೀವಂತ. ಪುರಂದರದಾಸರ ಪದದ ಕತೆ ತಿರುಗಾಮುರುಗಾ: ಸಾಹಿತ್ಯ ಎಲ್ಲರದು, 1998ರಲ್ಲಿ ಅದನ್ನು ಹಾಡಿ ಮುದ್ರಿಸಿದ ಸಿಡಿ ಎಲ್ಲರದಲ್ಲ. ಮೂಲ ಸಿಡಿಗಳನ್ನು ನಾನು ಮಾರಿಲ್ಲ, ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ಸೊಗಸಿನ ಜಗಳ ಬೇಗ ಮುಗಿಯುತ್ತದೆ. ಫ್ಲ್ಯಾಕ್ ಫೈಲನ್ನೂ ಮೂಲ ವೇವ್ ಫೈಲನ್ನೂ ಆಡಾಸಿಟಿ ಎಂಬ ಧ್ವನಿ ತಿದ್ದುವ ಪ್ರೋಗ್ರಾಮಿನಲ್ಲಿ ತೆರೆದು, ಒಂದನ್ನು ‘ಇನ್ವರ್ಟ್’ (ತಲೆಕೆಳಗು) ಮಾಡಿ, ಎರಡನ್ನೂ ಬೆರೆಸಿ. ಉಳಿಯುವುದು ನಿಶ್ಶಬ್ದ, ಸೊನ್ನೆ. ಫ್ಲ್ಯಾಕ್ ಒತ್ತಿ ಕುಗ್ಗಿಸುವ ಮಟ್ಟ 5 ಇದ್ದರೂ 8 ಇದ್ದರೂ ಬಿಚ್ಚಿದಾಗ ಬರುವುದು ಒಂದೇ. ಒಂದು ಗಂಟೆಯ ಸಿಡಿ 635 ಎಂಬಿ, ಫ್ಲ್ಯಾಕ್ ಆದಾಗ 350ರ ಆಸುಪಾಸು. ನಿಜವಾದ ಮೋಸ ಬೇರೆ ಕಡೆ ಇದೆ: ಆಡಿಯೊ ಸಿಡಿ ಎಂದು ಮಾರಿದ್ದರಲ್ಲೇ ಕೆಲವನ್ನು ಎಂಪಿ3ಯಿಂದ ತಯಾರಿಸಿರುತ್ತಾರೆ. ಧ್ವನಿಯ ಕಂಪನಾಂಕಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಡಿ, 16 ಕಿಲೋಹರ್ಟ್ಸ್ ಮೇಲೆ ಕತ್ತಿಯಿಂದ ಕೊಯ್ದಂತೆ ಖಾಲಿ ಇದ್ದರೆ ಅನುಮಾನಪಡಿ. ‘150 ಹಿಟ್ ಹಾಡುಗಳು’ ಎಂದಿರುವ ಎಂಪಿ3 ಡಿಸ್ಕುಗಳನ್ನು ಫ್ಲ್ಯಾಕ್‌ಗೆ ತಿರುಗಿಸಬೇಡಿ, ಕಳೆದುಹೋದದ್ದು ವಾಪಸು ಬಾರದು, ಫೈಲ್ ಮಾತ್ರ ಉಬ್ಬುತ್ತದೆ.

ಕನ್ನಡದಲ್ಲಿ ಹೆಸರಿಡುವಾಗ ಮೂರು ಕಡೆ ಎಡವಿದರೆ ಆಮೇಲೆ ನಾನೂರು ಆಲ್ಬಮ್ ತಿದ್ದಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅಂದರೆ 85 ಸಂಕೇತ, ಅದರಲ್ಲಿ ಸ್ವರಚಿಹ್ನೆ, ಒತ್ತಕ್ಷರ ಎಲ್ಲಕ್ಕೂ ಪಾಲು. ಪಲ್ಲವಿಯ ಪೂರ್ತಿ ಸಾಲು, ರಾಗ, ತಾಳ, ಗಾಯಕರ ಹೆಸರು ಸೇರಿಸಿದರೆ ದಾಟಿಬಿಡುತ್ತದೆ. ಎರಡನೆಯದು, ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಅದನ್ನು ಒಮ್ಮೆ ಹಾಕಿ ಒಮ್ಮೆ ಬಿಟ್ಟರೆ ಪ್ಲೇಯರ್‌ನಲ್ಲಿ ಇಬ್ಬರು ಗಾಯಕರಾಗುತ್ತಾರೆ. ಮೂರನೆಯದು, ‘ಕೋ’ ಎಂಬ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿ ಮೂರಾಗಿಯೂ ಬರೆಯಬಹುದು. ಹಳೆಯ ಮ್ಯಾಕ್‌ಗಳು ಫೈಲ್ ಹೆಸರನ್ನು ಬಿಡಿಸಿ ಇಡುತ್ತಿದ್ದವು, ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ, ನಕಲಿಸಿದಾಗ ಒಂದೇ ಹಾಡು ಎರಡಾಗುತ್ತದೆ. ನನ್ನ ಪರಿಹಾರ: ಫೈಲ್ ಹೆಸರು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡವೆಲ್ಲ ಟ್ಯಾಗಿನಲ್ಲಿ, ಅಂದರೆ ಫೈಲಿನೊಳಗೇ ಇರುವ ವಿವರದ ಪಟ್ಟಿಯಲ್ಲಿ. ಕಾರಿನ ಸ್ಟೀರಿಯೊಗಳು ಕನ್ನಡ ಟ್ಯಾಗಿಗೆ ಚೌಕಗಳನ್ನು ತೋರಿಸಿದರೂ ಹೀಗೆ ಫೈಲ್ ಹೆಸರಿನಿಂದ ಹುಡುಕಬಹುದು. ಕವಿ, ಸಂಗೀತ ಸಂಯೋಜಕ, ಗಾಯಕ ಮೂವರಿಗೂ ಬೇರೆ ಬೇರೆ ಟ್ಯಾಗ್ ಇರಲಿ. ಎಲ್ಲರನ್ನೂ ‘ಆರ್ಟಿಸ್ಟ್’ನಲ್ಲಿ ತುರುಕಿದರೆ ಭಾವಗೀತೆಯ ಸಂಗ್ರಹ ಗೊಂದಲವಾಗುತ್ತದೆ.

ಎಲ್ಲ ಸೇರಿ 150 ಜಿಬಿಯೊಳಗೆ ಮುಗಿಯಿತು. ಎರಡು ಹಾರ್ಡ್‌ಡಿಸ್ಕ್, ಒಂದು ಕಂಪ್ಯೂಟರಿಗೆ ಸಿಕ್ಕಿಸಿರುತ್ತದೆ, ಇನ್ನೊಂದು ನಕಲಿಸುವಾಗ ಬಿಟ್ಟರೆ ಬೀರುವಿನಲ್ಲಿ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಮ್) ಬಂದರೆ ಸಿಕ್ಕಿಸಿದ್ದನ್ನೆಲ್ಲ ಗೂಢಲಿಪಿ ಮಾಡಿಹಾಕುತ್ತದೆ, ಬೀರುವಿಗೆ ಅದರ ಕೈ ಎಟುಕದು. ಫ್ಲ್ಯಾಕ್ ಫೈಲಿನೊಳಗೇ ಹಾಡಿನ ಎಂಡಿ5 ಎಂಬ ಚೆಕ್‌ಸಮ್ ಇರುವುದರಿಂದ ಆರು ತಿಂಗಳಿಗೊಮ್ಮೆ ಅದರ ಪರೀಕ್ಷಾ ಆಜ್ಞೆಯನ್ನು ಇಡೀ ಸಂಗ್ರಹದ ಮೇಲೆ ಓಡಿಸುತ್ತೇನೆ. ಯಾವುದಾದರೂ ಕೆಟ್ಟಿದ್ದರೆ ಹೆಸರು ಸಮೇತ ಹೇಳುತ್ತದೆ, ಇನ್ನೊಂದು ಡಿಸ್ಕಿನಿಂದ ತರುತ್ತೇನೆ.

ಕೊನೆಯದಾಗಿ ಕ್ಯೂಟೂಲ್ಸ್ ಸಂಗ್ರಹ, ಅಕ್ಯುರೇಟ್‌ರಿಪ್‌ನಂಥದ್ದೇ ಇನ್ನೊಂದು. ಇದು ಚೆಕ್‌ಸಮ್ ಜೊತೆಗೆ ದೋಷ ತಿದ್ದುವ ಒಂದಿಷ್ಟು ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ. ಅದರಿಂದ ಹಾಡು ಕಟ್ಟಲಾಗದು, ಆದರೆ ಗೀರಿನಿಂದ ಅಲ್ಲಲ್ಲಿ ಕೆಟ್ಟ ನಕಲನ್ನು ಎಷ್ಟೋ ಸಲ ಪೂರ್ತಿ ಸರಿಮಾಡಬಹುದು. ಇಎಸಿಯ ಪ್ಲಗಿನ್ ಆನ್ ಇದ್ದರೆ ನಿಮ್ಮ ಡಿಸ್ಕಿನ ಲೆಕ್ಕ ತಾನಾಗಿ ಅಲ್ಲಿಗೆ ಹೋಗುತ್ತದೆ. ಕನ್ನಡ ಸಿಡಿಗಳನ್ನು ಇಳಿಸುವಾಗ ಇದನ್ನು ಆಫ್ ಮಾಡಬೇಡಿ. ಅದೇ ದಾಸರ ಪದದ ಗೀರು ಬಿದ್ದ ಸಿಡಿ ಇಟ್ಟುಕೊಂಡವರು ಇನ್ನೆಲ್ಲೋ ಇರುತ್ತಾರೆ.