ಎಟಿಆರ್ ವಿಮಾನದಲ್ಲಿ ಹಿಂದಿನ ಸೀಟೇ ಲೇಸು

ಶಿವಮೊಗ್ಗದಂಥ ಸಣ್ಣ ನಿಲ್ದಾಣಗಳಿಗೆ ಎಟಿಆರ್ 72 ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದಲ್ಲಿ ಹೋಗುವವರು ಮುಂದಿನ ಸೀಟಿಗೆ ಹೆಚ್ಚು ದುಡ್ಡು ಕೊಡಬೇಡಿ, 14ರಿಂದ 17ನೇ ಸಾಲಿನೊಳಗೆ ಹಿಡಿಯಿರಿ. ಪ್ರೊಪೆಲ್ಲರ್‌ಗಳು ರೆಕ್ಕೆಯ ಮುಂದೆ ತಿರುಗುತ್ತವೆ. ಅವುಗಳ ನೇರಕ್ಕೆ ಕೂತರೆ ಸದ್ದು, ನಡುಕ ಎರಡೂ ಜೋರು, ಕಿಟಕಿಗೆ ತಲೆ ಆನಿಸಿದರೆ ಹಲ್ಲಿನವರೆಗೂ ಗುಂಯ್ ಅನ್ನುತ್ತದೆ. ಹತ್ತಿ ಇಳಿಯುವ ಬಾಗಿಲೂ ಹಿಂದೆಯೇ ಇರುವುದರಿಂದ ಬೇಗ ಹೊರಬೀಳಬಹುದು. ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ಹಾಗಾಗಿ ನೋಟಕ್ಕೆ ಅಡ್ಡಿಯಿಲ್ಲ. ಎರಡೆರಡೇ ಸೀಟು, ನಡುವೆ ಸಿಕ್ಕಿಕೊಳ್ಳುವ ಭಯವೂ ಇಲ್ಲ. ಕಟ್ಟಕಡೆಯ ಸಾಲು ಮಾತ್ರ ಬೇಡ, ಶೌಚಾಲಯಕ್ಕೆ ಹೋಗುವವರ ಓಡಾಟ ಅಲ್ಲೇ. ಮಳೆಗಾಲದಲ್ಲಿ, ಬಿಸಿಲೇರಿದ ಮಧ್ಯಾಹ್ನಗಳಲ್ಲಿ ಈ ಲೆಕ್ಕ ತಪ್ಪುತ್ತದೆ: ಗಾಳಿ ಎದ್ದಾಗ ಬಾಲದ ಕಡೆ ಹೆಚ್ಚು ಓಲಾಡುತ್ತದೆ. ಹೊಟ್ಟೆ ತೊಳೆಸುವವರಿಗೆ ಆಗ ರೆಕ್ಕೆಯಡಿಯ ನಡುಸಾಲೇ ಸರಿ. ಸದ್ದಿಗೆ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಿ.